ಮಗನಿಗೆ "ವರ್ಕಿಂಗ್ ಮೆಮೊರಿ ಕಡಿಮೆ" ಎಂದು ವರದಿ ಬಂದಿದೆ: ಇದನ್ನು ಅಳೆಯುವುದಾದರೂ ಹೇಗೆ?

ಕಟಪಾಡಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಕನ್ನಡ ಮಾಧ್ಯಮದಲ್ಲಿ ಆರನೆಯ ತರಗತಿ ಓದುತ್ತಿದ್ದಾನೆ. ಬಾಯಿಲೆಕ್ಕವನ್ನು ಅರ್ಧಕ್ಕೇ ಬಿಡುತ್ತಾನೆ, ಅಂಗಡಿಗೆ ಕಳುಹಿಸಿದರೆ ಹೇಳಿದ ನಾಲ್ಕು ಸಾಮಾನುಗಳಲ್ಲಿ ಎರಡನ್ನು ಮಾತ್ರ ತರುತ್ತಾನೆ. ಶಾಲೆಯವರ ಸಲಹೆಯಂತೆ ಕಳೆದ ತಿಂಗಳು ಮಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಬುದ್ಧಿಮಾಪನ ಮಾಡಿಸಿದೆವು. ವರದಿಯಲ್ಲಿ ಉಳಿದ ಸೂಚ್ಯಂಕಗಳೆಲ್ಲ ನೂರರ ಆಸುಪಾಸಿನಲ್ಲಿವೆ. "ವರ್ಕಿಂಗ್ ಮೆಮೊರಿ" ಎಂಬ ಸಾಲಿನಲ್ಲಿ ಮಾತ್ರ ಎಂಬತ್ತಕ್ಕಿಂತ ಸ್ವಲ್ಪ ಮೇಲೆ ಬಂದಿದೆ ಮತ್ತು ಪಕ್ಕದಲ್ಲಿ "ಸರಾಸರಿಗಿಂತ ಕಡಿಮೆ" ಎಂದು ಬರೆದಿದ್ದಾರೆ. ಹೀಗೆಂದರೇನು ಎಂದು ಕೇಳಿದ್ದಕ್ಕೆ, ಅವನ ನೆನಪಿನ ಪಾತ್ರೆ ಚಿಕ್ಕದು ಎಂಬಷ್ಟೇ ಉತ್ತರ ಸಿಕ್ಕಿತು.

ನನಗೆ ಇದು ಸಮಾಧಾನ ತರಲಿಲ್ಲ. ಇದೇ ಹುಡುಗ ಯಕ್ಷಗಾನ ಮೇಳದ ಆಟ ನೋಡಿ ಬಂದು ಮರುದಿನ ಭಾಗವತರ ಪದ್ಯಗಳನ್ನು ಸಾಲು ಬಿಡದೆ ಹಾಡುತ್ತಾನೆ. ಹಾಗಿರುವಾಗ ಪಾತ್ರೆ ಚಿಕ್ಕದೆಂದು ಯಾವ ಸೇರಿನಲ್ಲಿ ಅಳೆದು ಹೇಳಿದರು? ಮನಶ್ಶಾಸ್ತ್ರ ತಿಳಿದವರು ಇಲ್ಲಿದ್ದರೆ ದಯವಿಟ್ಟು ವಿವರಿಸಬೇಕು. ಧೈರ್ಯ ಹೇಳುವ ಮಾತುಗಳು ಸಾಕಷ್ಟು ಸಿಕ್ಕಿವೆ, ನನಗೆ ಬೇಕಿರುವುದು ಅಳತೆಯ ವಿವರ.

ಕದ್ರಿಕಂಬಳದವ

ಮೇಡಂ, ನಾನು ಕೆಲವು ವರ್ಷ ಪದವಿ ತರಗತಿಗಳಿಗೆ ಮನಶ್ಶಾಸ್ತ್ರ ಕಲಿಸಿದವನು. ಮೊದಲಿಗೆ ನಿಮ್ಮ ಕೊನೆಯ ಸಂದೇಹವನ್ನೇ ತೆಗೆದುಕೊಳ್ಳುತ್ತೇನೆ. ಪದ್ಯಗಳನ್ನು ಮರುದಿನ ಹಾಡುವುದು ದೀರ್ಘಕಾಲದ ನೆನಪಿನ ಕೆಲಸ. ವರ್ಕಿಂಗ್ ಮೆಮೊರಿ, ಅಂದರೆ ಕಾರ್ಯಸ್ಮೃತಿ, ಅದಲ್ಲ. ಮೀನು ಮಾರುಕಟ್ಟೆಯಲ್ಲಿ ಒಂದೂವರೆ ಕಿಲೋ ಬಂಗುಡೆಗೆ ಎಷ್ಟಾಯಿತೆಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತ, ಕೊಟ್ಟ ಐನೂರರ ನೋಟಿಗೆ ಎಷ್ಟು ಚಿಲ್ಲರೆ ಬರಬೇಕೆಂಬುದನ್ನೂ ಹಿಡಿದುಕೊಂಡು, ಪಕ್ಕದ ಬುಟ್ಟಿಯ ಭೂತಾಯಿಯ ದರ ಕೇಳುತ್ತೇವಲ್ಲ, ಆಗ ಕೆಲವೇ ಕ್ಷಣಗಳ ಮಟ್ಟಿಗೆ ಕೈಗೆಟುಕುವಂತೆ ಇರಿಸಿಕೊಳ್ಳುವ ಜಾಗ ಅದು. ಕೆಲಸ ಮುಗಿದೊಡನೆ ಅಲ್ಲಿದ್ದುದು ಹೋಗುತ್ತದೆ, ಹೋಗಲೂ ಬೇಕು.

ಅಳತೆಯ ಅತ್ಯಂತ ಹಳೆಯ ಸಾಧನ ಅಂಕಿಗಳ ಸರಣಿ, ಇಂಗ್ಲಿಷಿನಲ್ಲಿ ಡಿಜಿಟ್ ಸ್ಪ್ಯಾನ್. 1887ರಲ್ಲಿ ಜೋಸೆಫ್ ಜೇಕಬ್ಸ್ ಎಂಬವರು ಲಂಡನ್ನಿನ ಶಾಲಾಮಕ್ಕಳಿಗೆ ಅಂಕಿಗಳನ್ನು ಓದಿ ಹೇಳಿ, ತಪ್ಪಿಲ್ಲದೆ ಎಷ್ಟನ್ನು ತಿರುಗಿ ಹೇಳಬಲ್ಲರೆಂದು ನೋಡಿದರು. ಬುದ್ಧಿಮಾಪನಕ್ಕೆ ಹೆಚ್ಚಾಗಿ ಬಳಸುವ ವೆಕ್ಸ್ಲರ್ ಪರೀಕ್ಷೆಗಳಲ್ಲಿ ಇಂದಿಗೂ ಇರುವುದು ಹೆಚ್ಚುಕಡಿಮೆ ಅದೇ. ಪರೀಕ್ಷಕರು ಸೆಕೆಂಡಿಗೆ ಒಂದರಂತೆ, ನಡುವೆ ಎಲ್ಲಿಯೂ ಸ್ವರ ಏರಿಳಿಸದೆ ಅಂಕಿಗಳನ್ನು ಹೇಳಬೇಕು. ಪ್ರತಿ ಉದ್ದಕ್ಕೂ ಎರಡು ಸರಣಿಗಳಿರುತ್ತವೆ, ಎರಡರಲ್ಲೂ ತಪ್ಪಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಸ್ವರದ ವಿಷಯವನ್ನು ನಾನು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತಿದ್ದೆ, ಏಕೆಂದರೆ ಮೂರು ಮೂರು ಅಂಕಿಗಳಿಗೊಮ್ಮೆ ಪರೀಕ್ಷಕರು ಅರಿವಿಲ್ಲದೆಯೇ ಉಸಿರು ಎಳೆದರೂ ಕೇಳುವವರಿಗೆ ಗುಂಪು ಕಟ್ಟಿಕೊಟ್ಟಂತಾಗಿ ಅಂಕ ಏರುತ್ತದೆ.

ಅಂಕಿಗಳನ್ನು ಹೇಳಿದಂತೆಯೇ ಒಪ್ಪಿಸುವುದು ಬರೀ ಹಿಡಿದಿಡುವ ಕೆಲಸ. ಹಿಂದುಮುಂದಾಗಿ ಒಪ್ಪಿಸುವುದರಲ್ಲಿ ಹಿಡಿದಿಡುವುದರ ಜೊತೆಗೆ ತಿರುಗಿಸುವ ಕೆಲಸವೂ ಸೇರುತ್ತದೆ. ಇವೆರಡರ ವ್ಯತ್ಯಾಸದಲ್ಲಿಯೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ. ವರದಿಯಲ್ಲಿ ಇವನ್ನು ಬೇರೆ ಬೇರೆ ಕೊಟ್ಟಿದ್ದಾರೆಯೇ?

ಮಲ್ಪೆ ನಿವೃತ್ತ

ಮನುಷ್ಯನ ಮನಸ್ಸಿನಲ್ಲಿ ಒಮ್ಮೆಗೆ ಏಳು ಸಂಗತಿಗಳು ನಿಲ್ಲುತ್ತವೆ, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಎಂದು ನಾವು ಎಲ್ಲೋ ಓದಿದ್ದೇವೆ. ನಾನು ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಹದಿಮೂರು ಅಂಕಿಗಳ ಖಾತೆಸಂಖ್ಯೆಯನ್ನು ಗ್ರಾಹಕರು ಒಮ್ಮೆ ಹೇಳಿದರೆ ಸಾಕಿತ್ತು, ಚೀಟಿ ನೋಡದೆ ಲೆಡ್ಜರ್ ತೆಗೆಯುತ್ತಿದ್ದೆ. ಆದರೆ ಅದೇ ದಿನ ಸಂಜೆ ಮನೆಯವಳು ಹೇಳಿದ ಐದು ತರಕಾರಿಗಳಲ್ಲಿ ಮೂರನ್ನು ಮಾತ್ರ ತರುತ್ತಿದ್ದೆ. ಹಾಗಾದರೆ ನನ್ನ ಪಾತ್ರೆ ಹದಿಮೂರು ಸೇರಿನದ್ದೋ, ಮೂರು ಸೇರಿನದ್ದೋ?

ಕದ್ರಿಕಂಬಳದವ

ಮಲ್ಪೆಯವರು ತಮಾಷೆಗೆ ಕೇಳಿದ್ದರೂ ಪ್ರಶ್ನೆ ನೇರವಾಗಿ ಮೂಲಕ್ಕೇ ಹೋಗುತ್ತದೆ. ಏಳರ ಮಾತು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನದ್ದು. ಆ ಲೇಖನದಲ್ಲಿ ಸಂಖ್ಯೆಗಿಂತ ಹೆಚ್ಚು ಬಾಳಿಕೆ ಬಂದ ವಿಚಾರವೆಂದರೆ ಗಂಟು ಕಟ್ಟುವುದು, ಅಂದರೆ ಬಿಡಿಬಿಡಿ ಸಂಗತಿಗಳನ್ನು ಪರಿಚಿತವಾದ ಒಂದು ಘಟಕವಾಗಿ ಹಿಡಿಯುವುದು. ನಿಮ್ಮ ಖಾತೆಸಂಖ್ಯೆಯ ಮೊದಲ ಕೆಲವು ಅಂಕಿಗಳು ಶಾಖೆಯ ಗುರುತು, ನಂತರದವು ಖಾತೆಯ ಬಗೆಯ ಗುರುತು ಆಗಿದ್ದಿರಬೇಕು. ನಿಮಗೆ ಅವು ಹದಿಮೂರು ಅಂಕಿಗಳಾಗಿ ಕಾಣದೆ ಮೂರು ನಾಲ್ಕು ಗಂಟುಗಳಾಗಿ ಕಂಡಿವೆ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದಿದೆ. 1980ರಲ್ಲಿ ಎರಿಕ್ಸನ್, ಚೇಸ್ ಮತ್ತು ಫಾಲೂನ್ ಎಂಬವರು ಒಬ್ಬ ಕಾಲೇಜು ವಿದ್ಯಾರ್ಥಿಯ ಬಗ್ಗೆ ಬರೆದರು. ಆರಂಭದಲ್ಲಿ ಅವನು ಏಳು ಅಂಕಿಗಳನ್ನಷ್ಟೇ ಒಪ್ಪಿಸುತ್ತಿದ್ದ. ಇಪ್ಪತ್ತು ತಿಂಗಳಲ್ಲಿ ಸುಮಾರು 230 ಗಂಟೆಗಳ ಅಭ್ಯಾಸವಾದ ಮೇಲೆ 79 ಅಂಕಿಗಳನ್ನು ಒಪ್ಪಿಸಿದ. ಅವನು ಓಟಗಾರ, ಆದ್ದರಿಂದ ಅಂಕಿಗಳನ್ನು ಓಟದ ಸಮಯಗಳಾಗಿ ಕೇಳಿಸಿಕೊಳ್ಳುತ್ತಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟೊಡನೆ ಆರಕ್ಕೆ ಇಳಿದ. ಪಾತ್ರೆ ಹಿಗ್ಗಿರಲಿಲ್ಲ, ಸಾಮಾನು ಕಟ್ಟುವ ಬಗೆ ಬದಲಾಗಿತ್ತು.

ಗಂಟು ಕಟ್ಟುವುದಕ್ಕೂ ಬಾಯಲ್ಲಿ ಹೇಳಿಕೊಳ್ಳುವುದಕ್ಕೂ ಅವಕಾಶ ಕೊಡದೆ ಅಳೆದಾಗ ಸಿಗುವ ಸಂಖ್ಯೆ ಏಳಲ್ಲ, ಮೂರರಿಂದ ಐದರ ನಡುವೆ, ಸುಮಾರು ನಾಲ್ಕು, ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಹಾಗಾಗಿ ನಿಮ್ಮ ತರಕಾರಿಯ ಲೆಕ್ಕ ನೀವಂದುಕೊಂಡಷ್ಟು ಕಳಪೆಯದ್ದಲ್ಲ.

ಕೊಣಾಜೆ ವಿದ್ಯಾರ್ಥಿನಿ

ಸರ್, ಇಲ್ಲಿ ಭಾಷೆಯ ವಿಷಯವನ್ನು ಸೇರಿಸಲೇಬೇಕು. ನಮ್ಮ ಊರಿನಲ್ಲಿ ಅದನ್ನು ಬಿಟ್ಟು ಅಂಕಿಪರೀಕ್ಷೆ ಮಾಡಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಕಾರ್ಯಸ್ಮೃತಿಯ ಮಾದರಿಯನ್ನು ಮುಂದಿಟ್ಟಾಗ, ಮಾತಿನ ಧ್ವನಿಯನ್ನು ಒಳಗೊಳಗೇ ಹೇಳಿಕೊಳ್ಳುತ್ತ ಹಿಡಿದಿಡುವ ಒಂದು ಭಾಗ, ನೋಟವನ್ನೂ ಜಾಗವನ್ನೂ ಹಿಡಿದಿಡುವ ಇನ್ನೊಂದು ಭಾಗ, ಇವೆರಡನ್ನೂ ನಡೆಸುವ ಒಂದು ಮೇಲ್ವಿಚಾರಣೆ ಎಂದು ಬಿಡಿಸಿದರು. ಮರುವರ್ಷ ಬ್ಯಾಡ್ಲಿಯವರೂ ಅವರ ಜೊತೆಗಾರರೂ ಉದ್ದ ಪದಗಳಿಗಿಂತ ಗಿಡ್ಡ ಪದಗಳು ಹೆಚ್ಚು ನೆನಪಿರುತ್ತವೆ ಎಂದು ತೋರಿಸಿದರು. ಸುಮಾರು ಎರಡು ಸೆಕೆಂಡುಗಳಲ್ಲಿ ಎಷ್ಟನ್ನು ಉಚ್ಚರಿಸಬಹುದೋ ಅಷ್ಟೇ ಆ ಧ್ವನಿಯ ಸುತ್ತಿನಲ್ಲಿ ನಿಲ್ಲುತ್ತದೆ ಎಂಬುದು ಅವರ ಲೆಕ್ಕ.

ಈಗ ನಮ್ಮ ಅಂಕಿಗಳನ್ನು ಬಾಯಲ್ಲಿ ಹೇಳಿ ನೋಡಿ. ಕನ್ನಡದಲ್ಲಿ ಒಂದು, ಎರಡು, ಮೂರು, ನಾಲ್ಕು, ಐದು. ಯಾವುದೂ ಎರಡು ಅಕ್ಷರಗಳಿಗಿಂತ ಕಡಿಮೆ ಇಲ್ಲ, ಎರಡಕ್ಕೂ ಒಂಬತ್ತಕ್ಕೂ ಮೂರು ಬೇಕು. ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ, ನಾಲ್, ಐನ್. ಇವುಗಳಲ್ಲಿ ಕೆಲವು ಒಂದೇ ಉಸಿರಿನ ತುಂಡುಗಳು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರ ತನಕ ಸೆವೆನ್ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಉಸಿರಿನವು. ಮಂಗಳೂರಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲಿ ಮಾತಾಡುವವರೂ ಫೋನ್ ನಂಬರ್ ಹೇಳುವಾಗ ಇಂಗ್ಲಿಷಿಗೆ ಹೊರಳುವುದನ್ನು ಎಲ್ಲರೂ ಕೇಳಿರುತ್ತೀರಿ.

ವೇಲ್ಸ್‌ನಲ್ಲಿ ಎಲ್ಲಿಸ್ ಮತ್ತು ಹೆನೆಲಿ 1980ರಲ್ಲಿ ಇದನ್ನೇ ಪರೀಕ್ಷಿಸಿದರು. ಎರಡೂ ಭಾಷೆ ಬಲ್ಲವರು ಇಂಗ್ಲಿಷಿನಲ್ಲಿ ಒಪ್ಪಿಸಿದಷ್ಟು ಅಂಕಿಗಳನ್ನು ವೆಲ್ಷ್ ಭಾಷೆಯಲ್ಲಿ ಒಪ್ಪಿಸಲಿಲ್ಲ, ಏಕೆಂದರೆ ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಬೇಕು. ಬಾಯಿಯಲ್ಲಿ ಬೇರೇನನ್ನೋ ಹೇಳಿಸುತ್ತ ಒಳಗಿನ ಪುನರುಚ್ಚಾರವನ್ನು ತಡೆದಾಗ ಆ ವ್ಯತ್ಯಾಸ ಮಾಯವಾಯಿತು. ಅಂದರೆ ಕಡಿಮೆಯಾಗಿದ್ದುದು ಮನುಷ್ಯನ ಶಕ್ತಿಯಲ್ಲ.

ಕುತೂಹಲಕ್ಕೆ ನಾನೂ ಮನೆಯಲ್ಲಿ ಅಕ್ಕನ ಮಗಳಿಗೆ ಹೇಳಿ ನೋಡಿದೆ. ಕನ್ನಡದಲ್ಲಿ ಐದಕ್ಕೆ ನಿಂತವಳು ಇಂಗ್ಲಿಷಿನಲ್ಲಿ ಏಳರ ತನಕ ಹೋದಳು.

ಪಡುಬಿದ್ರಿ ಮಾಸ್ಟ್ರು

ತಂಗಿ, ವೇಲ್ಸಿನ ಮಾತು ಸರಿ, ಅಕ್ಕನ ಮಗಳ ಮಾತು ಸರಿಯಲ್ಲ. ನೀವು ಕನ್ನಡದಲ್ಲಿ ಮೊದಲು ಕೇಳಿ ಇಂಗ್ಲಿಷಿನಲ್ಲಿ ನಂತರ ಕೇಳಿರಬೇಕು. ಎರಡನೆಯ ಬಾರಿಗೆ ಮಗುವಿಗೆ ಆಟದ ಹದ ತಿಳಿದಿರುತ್ತದೆ. ಅದು ಇಂಗ್ಲಿಷ್ ಮಾಧ್ಯಮದ ಮಗುವಾಗಿದ್ದರೆ ಅಂಕಿಗಳನ್ನು ದಿನವಿಡೀ ಇಂಗ್ಲಿಷಿನಲ್ಲಿಯೇ ಬಳಸುತ್ತದೆ. ಉದ್ದದ ಪರಿಣಾಮ ಯಾವುದು, ಬಳಕೆಯ ಪರಿಣಾಮ ಯಾವುದು ಎಂದು ಒಂದು ಮಗುವಿನಿಂದ ಹೇಳಲಾಗದು. ಅರ್ಧ ಮಕ್ಕಳಿಗೆ ಕನ್ನಡ ಮೊದಲು, ಉಳಿದರ್ಧಕ್ಕೆ ಇಂಗ್ಲಿಷ್ ಮೊದಲು ಎಂದು ಮಾಡಿ, ಅವರು ಆಯಾ ಭಾಷೆಯ ಅಂಕಿಗಳನ್ನು ಎಷ್ಟು ವೇಗವಾಗಿ ಓದುತ್ತಾರೆಂಬುದನ್ನೂ ಗಡಿಯಾರ ಹಿಡಿದು ನೋಡಿದರೆ ಆಗ ಮಾತಾಡಬಹುದು.

ಕೊಣಾಜೆ ವಿದ್ಯಾರ್ಥಿನಿ

ಮಾಸ್ಟ್ರೇ, ಒಪ್ಪಿದೆ, ಎರಡೂ ಊಹೆ ಸರಿಯಾಗಿಯೇ ಇದೆ. ನನ್ನ ತಪ್ಪು.

ಆದರೆ ಅಂಕಿಗಳ ಸರಣಿಯ ಮೇಲೆ ಇನ್ನೊಂದು ದೊಡ್ಡ ಆಕ್ಷೇಪವಿದೆ. ಬರೀ ಒಪ್ಪಿಸುವ ಪರೀಕ್ಷೆಯಲ್ಲಿ ಪಡೆದ ಅಂಕ, ಓದಿದ್ದನ್ನು ಅರ್ಥ ಮಾಡಿಕೊಳ್ಳುವಂಥ ನಿಜವಾದ ಕೆಲಸಗಳ ಜೊತೆ ಬಿಗಿಯಾಗಿ ಹೊಂದುವುದಿಲ್ಲ. ಕಾರ್ಯಸ್ಮೃತಿ ಎಂದ ಮೇಲೆ ಕಾರ್ಯವೂ ಇರಬೇಕಲ್ಲ ಎಂಬ ಯೋಚನೆಯಿಂದ ಡೇನ್‌ಮನ್ ಮತ್ತು ಕಾರ್ಪೆಂಟರ್ 1980ರಲ್ಲಿ ವಾಕ್ಯಗಳನ್ನು ಓದಿಸುವ ಪರೀಕ್ಷೆ ಮಾಡಿದರು. ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಓದುತ್ತ ಹೋಗಬೇಕು, ಕೊನೆಗೆ ಪ್ರತಿ ವಾಕ್ಯದ ಕಡೆಯ ಪದವನ್ನು ಒಪ್ಪಿಸಬೇಕು. ಕಾಲೇಜು ವಿದ್ಯಾರ್ಥಿಗಳೇ ಎರಡರಿಂದ ಐದರ ನಡುವೆ ನಿಂತರು, ಮತ್ತು ಈ ಅಂಕ ಓದಿನ ಗ್ರಹಿಕೆಯ ಜೊತೆ ಚೆನ್ನಾಗಿ ಹೊಂದಿತು.

ಇದನ್ನು ಕನ್ನಡಕ್ಕೆ ತರಬೇಕೆಂದು ತರಗತಿಯ ಅಭ್ಯಾಸಕ್ಕಾಗಿ ನಾವು ನಾಲ್ವರು ಕುಳಿತೆವು. ಹತ್ತು ವಾಕ್ಯ ಬರೆಯುವಷ್ಟರಲ್ಲಿ ನಗು ಬಂತು. ಕನ್ನಡದ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ, ಹಾಗಾಗಿ ಒಪ್ಪಿಸಬೇಕಾದ ಪಟ್ಟಿ "ಬಂದನು, ಹೋದಳು, ತಂದರು, ಕುಳಿತನು, ಹೇಳಿದಳು" ಎಂದಾಯಿತು. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಬಾಲ, ಯಾವುದನ್ನು ಯಾವ ವಾಕ್ಯದಲ್ಲಿ ಓದಿದೆವೆಂದು ಬರೆದ ನಮಗೇ ಗೊತ್ತಾಗಲಿಲ್ಲ. ಜಪಾನಿ ಭಾಷೆಯಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ. ಅಲ್ಲಿ ಒಸಾಕಾ ದಂಪತಿ ಈ ಪರೀಕ್ಷೆಯನ್ನು ಹೊಂದಿಸುವಾಗ ಕಡೆಯ ಪದವನ್ನು ಬಿಟ್ಟು, ವಾಕ್ಯದೊಳಗಿನ ಒಂದು ಪದಕ್ಕೆ ಅಡಿಗೆರೆ ಎಳೆದು ಅದನ್ನು ನೆನಪಿಡಿ ಎಂದರು. ನಾವೂ ಹಾಗೆಯೇ ಮಾಡಿ, ವಾಕ್ಯದ ನಡುವಿನ ನಾಮಪದಗಳಿಗೆ ಗೆರೆ ಎಳೆದೆವು.

ಮುಂದಿನ ತೊಡಕು ಅಕ್ಷರಗಳದ್ದು. ಟರ್ನರ್ ಮತ್ತು ಎಂಗಲ್ 1989ರಲ್ಲಿ ಓದಿನ ಬದಲು ಲೆಕ್ಕವನ್ನು ಇಟ್ಟರು. 2005ರಲ್ಲಿ ಅನ್ಸ್‌ವರ್ತ್ ಮತ್ತು ಜೊತೆಗಾರರು ಅದನ್ನು ಕಂಪ್ಯೂಟರಿನಲ್ಲಿ ತಾನಾಗಿಯೇ ನಡೆಯುವಂತೆ ಮಾಡಿದರು. ತೆರೆಯ ಮೇಲೆ ಒಂದು ಸಣ್ಣ ಲೆಕ್ಕ ಬರುತ್ತದೆ. ಮನಸ್ಸಿನಲ್ಲಿ ಬಿಡಿಸಿ ಒತ್ತಿದೊಡನೆ ಒಂದು ಉತ್ತರ ತೋರಿಸುತ್ತದೆ, ಅದು ಸರಿಯೋ ತಪ್ಪೋ ಹೇಳಬೇಕು. ಆಮೇಲೆ ಒಂದು ಇಂಗ್ಲಿಷ್ ಅಕ್ಷರ ಮಿಂಚಿ ಹೋಗುತ್ತದೆ. ಮತ್ತೆ ಲೆಕ್ಕ, ಮತ್ತೆ ಅಕ್ಷರ. ಹೀಗೆ ಮೂರರಿಂದ ಏಳು ಅಕ್ಷರಗಳಾದ ಮೇಲೆ ಹನ್ನೆರಡು ಅಕ್ಷರಗಳ ಚೌಕಟ್ಟು ಬರುತ್ತದೆ, ಕಂಡ ಕ್ರಮದಲ್ಲಿಯೇ ಒತ್ತಬೇಕು. ಪ್ರತಿ ಉದ್ದವೂ ಮೂರು ಬಾರಿ ಬರುವುದರಿಂದ ಒಟ್ಟು 75 ಅಕ್ಷರಗಳು. ಲೆಕ್ಕದ ಕಡೆ ಉದಾಸೀನ ಮಾಡಿ ಅಕ್ಷರಗಳನ್ನಷ್ಟೇ ಬಾಯಿಪಾಠ ಮಾಡುವವರನ್ನು ತಡೆಯಲು ಲೆಕ್ಕದಲ್ಲಿ ನೂರಕ್ಕೆ 85 ಸರಿ ಇರಬೇಕೆಂಬ ನಿಯಮವಿದೆ, ಮತ್ತು ಲೆಕ್ಕಕ್ಕೆ ಕೊಡುವ ಸಮಯವನ್ನು ಅವರವರ ವೇಗ ನೋಡಿಯೇ ಗೊತ್ತು ಮಾಡುತ್ತದೆ. ನಾನು ಕುಳಿತಾಗ ಐದನೆಯ ಅಕ್ಷರದ ಹೊತ್ತಿಗೆ ಮೊದಲನೆಯದು ಹೋಗಿಯೇ ಬಿಟ್ಟಿತ್ತು. ಅದನ್ನು ಹುಡುಕಲು ಹೋಗಿ ಲೆಕ್ಕದಲ್ಲಿ ಎಂಟರಿಂದ ಎರಡು ಕಳೆದರೆ ಐದು ಎಂದೆ!

ಇದನ್ನು ಕನ್ನಡದ ಅಕ್ಷರಗಳಲ್ಲಿ ಮಾಡೋಣವೆಂದರೆ ಕ, ಗ, ಚ, ಟ, ಡ, ತ, ದ, ಪ ಎಲ್ಲವೂ ಅಕಾರಾಂತ, ಎಲ್ಲವೂ ಪ್ರಾಸಬದ್ಧ. ದನಿ ಹೋಲುವ ಅಕ್ಷರಗಳು ನೆನಪಿನಲ್ಲಿ ಒಂದಕ್ಕೊಂದು ಕಲಸಿಹೋಗುತ್ತವೆ ಎಂದು ಕಾನ್ರಾಡ್ 1964ರಲ್ಲಿಯೇ ತೋರಿಸಿದ್ದಾರೆ. ನಮ್ಮ ವರ್ಣಮಾಲೆ ಓದು ಕಲಿಯಲು ಎಷ್ಟು ಅನುಕೂಲವೋ ಈ ಪರೀಕ್ಷೆಗೆ ಅಷ್ಟೇ ಅನನುಕೂಲ. ಕೊನೆಗೆ ಮರ, ದೋಣಿ, ಇಲಿ, ಹೂವು ಎಂಬಂಥ ಎರಡಕ್ಷರದ ಪದಗಳನ್ನು ಆಯ್ದುಕೊಂಡೆವು.

ತಾಳಮದ್ದಳೆ ಪ್ರಿಯ

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನನ್ನದೊಂದು ಪ್ರಶ್ನೆ ಇದೆ, ವಿಷಯಾಂತರವೆನಿಸಿದರೆ ಕ್ಷಮಿಸಬೇಕು. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಅರ್ಧ ಗಂಟೆ ವಾದಿಸಿ ಆರೇಳು ಆಕ್ಷೇಪಗಳನ್ನು ಎತ್ತುತ್ತಾರೆ. ಇವರು ಕಾಗದ ಮುಟ್ಟದೆ, ಒಂದೊಂದನ್ನೇ ಅದೇ ಕ್ರಮದಲ್ಲಿ ಎತ್ತಿಕೊಂಡು ಉತ್ತರಿಸುತ್ತಾರೆ. ಅಷ್ಟಾವಧಾನವಂತೂ ಇನ್ನೂ ಕಠಿಣ. ಶತಾವಧಾನಿ ಆರ್. ಗಣೇಶರ ಅವಧಾನ ನೋಡಿದವರಿಗೆ ಗೊತ್ತಿರುತ್ತದೆ: ಪ್ರಶ್ನೆ ಒಡ್ಡುವ ಎಂಟು ಮಂದಿ ಪೃಚ್ಛಕರು, ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತ ಹೋಗುತ್ತಾರೆ, ಸಂಖ್ಯಾಬಂಧದವರು ನಡುನಡುವೆ ಅಂಕಿಚೌಕದ ಯಾವುದೋ ಮನೆಯ ಸಂಖ್ಯೆ ಕೇಳುತ್ತಾರೆ, ಅಪ್ರಸ್ತುತ ಪ್ರಸಂಗಿಯಂತೂ ಗಮನ ಕೆಡಿಸಲೆಂದೇ ಕುಳಿತಿರುತ್ತಾರೆ. ವಿದ್ಯಾರ್ಥಿನಿಯವರು ವರ್ಣಿಸಿದ ಲೆಕ್ಕ-ಅಕ್ಷರದ ಪರೀಕ್ಷೆಯ ದೊಡ್ಡಪ್ಪ ಇದೇ ಅಲ್ಲವೇ? ಅವಧಾನಿಗಳನ್ನು ಆ ಕಂಪ್ಯೂಟರಿನ ಮುಂದೆ ಕೂರಿಸಿದರೆ 75ಕ್ಕೆ 75 ಬರಬೇಕಲ್ಲ?

ಕದ್ರಿಕಂಬಳದವ

ವಿಷಯಾಂತರವೇನೂ ಅಲ್ಲ. ವಿನ್ಯಾಸದಲ್ಲಿ ಹೋಲಿಕೆ ಇರುವುದು ನಿಜ. ಎರಡರಲ್ಲಿಯೂ ಒಂದನ್ನು ಹಿಡಿದಿರುವಾಗಲೇ ಇನ್ನೊಂದರಿಂದ ಗಮನ ಕೆಡಿಸುತ್ತಾರೆ. ಆದರೆ 75ಕ್ಕೆ 75 ಬರಬೇಕೆಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಅವಧಾನಿಗಳ ಬೆನ್ನಿಗೆ ಛಂದಸ್ಸು ಇದೆ, ಶಬ್ದಭಂಡಾರವಿದೆ, ದಶಕಗಳ ಅಭ್ಯಾಸವಿದೆ. ಅರ್ಥಧಾರಿಗೆ ಪ್ರಸಂಗ ಗೊತ್ತು, ಪುರಾಣ ಗೊತ್ತು, ಎದುರಿನವರು ಯಾವ ಯಾವ ದಾರಿಯಲ್ಲಿ ಬರಬಹುದೆಂಬುದೂ ಗೊತ್ತು. ತಮ್ಮ ಕ್ಷೇತ್ರದಲ್ಲಿ ಪಳಗಿದವರು ಹೊಸದನ್ನು ನೇರವಾಗಿ ದೀರ್ಘಕಾಲದ ನೆನಪಿನ ಗೂಟಗಳಿಗೆ ಸಿಕ್ಕಿಸಿ, ಬೇಕಾದಾಗ ಎಳೆದುಕೊಳ್ಳುತ್ತಾರೆ ಎಂದು ಎರಿಕ್ಸನ್ ಮತ್ತು ಕಿಂಚ್ 1995ರಲ್ಲಿ ವಿವರಿಸಿದ್ದಾರೆ. ಲೆಕ್ಕ-ಅಕ್ಷರದ ಪರೀಕ್ಷೆಯನ್ನು ರೂಪಿಸಿದವರ ಉದ್ದೇಶವೇ ಇಂಥ ಗೂಟಗಳು ಯಾರಿಗೂ ಸಿಗದಂತೆ ಮಾಡುವುದು. ಓಟಗಾರನಿಗೆ ಅಕ್ಷರ ಕೊಟ್ಟಾಗ ಏನಾಯಿತೆಂದು ಮೇಲೆ ಹೇಳಿದ್ದೇನೆ.

ಅಪ್ರಸ್ತುತ ಪ್ರಸಂಗಿಯ ಮಾತು ಬಂದದ್ದರಿಂದ ಒಂದು ಪ್ರಯೋಗವನ್ನು ಹೇಳಿಬಿಡುತ್ತೇನೆ. ಒಂದು ಕಿವಿಯಲ್ಲಿ ಬರುವ ಮಾತನ್ನು ತಿರುಗಿ ಹೇಳುತ್ತ, ಇನ್ನೊಂದು ಕಿವಿಯದ್ದನ್ನು ಅಲಕ್ಷಿಸಬೇಕು. ಆ ಅಲಕ್ಷಿಸಬೇಕಾದ ಕಿವಿಯಲ್ಲಿ ನಡುವೆ ಅವರದೇ ಹೆಸರು ಬರುತ್ತದೆ. 2001ರಲ್ಲಿ ಕಾನ್‌ವೇ, ಕೋವನ್ ಮತ್ತು ಬಂಟಿಂಗ್ ಇದನ್ನು ಮಾಡಿದಾಗ, ಕಾರ್ಯಸ್ಮೃತಿಯ ಅಂಕ ಹೆಚ್ಚಿದ್ದವರಲ್ಲಿ ನೂರಕ್ಕೆ 20 ಮಂದಿ ತಮ್ಮ ಹೆಸರನ್ನು ಗಮನಿಸಿದರು, ಅಂಕ ಕಡಿಮೆ ಇದ್ದವರಲ್ಲಿ 65 ಮಂದಿ. ಹೆಚ್ಚು ಅಂಕದವರಿಗೆ ಹೆಚ್ಚು ಕೇಳಿಸಬೇಕಿತ್ತಲ್ಲ ಎಂದು ನಾವು ಎಣಿಸುತ್ತೇವೆ, ಆದದ್ದು ತದ್ವಿರುದ್ಧ. ಈ ಪರೀಕ್ಷೆಗಳು ಅಳೆಯುತ್ತಿರುವುದು ಪಾತ್ರೆಯ ಗಾತ್ರಕ್ಕಿಂತ ಹೆಚ್ಚಾಗಿ ಬೇಡದ್ದನ್ನು ಹೊರಗಿಡುವ ಗಮನದ ಹಿಡಿತವನ್ನು ಎಂದು ಎಂಗಲ್ ಅವರ ಬಳಗ ವಾದಿಸುವುದಕ್ಕೆ ಇಂಥ ಫಲಿತಾಂಶಗಳೇ ಆಧಾರ. ನನಗೂ ಆ ವಾದವೇ ಹೆಚ್ಚು ಹಿಡಿಸುತ್ತದೆ. "ಪಾತ್ರೆ ಚಿಕ್ಕದು" ಎಂಬ ಉಪಮೆಯನ್ನು ಕ್ಲಿನಿಕ್‌ನವರು ಬಳಸಬಾರದಿತ್ತು.

ಪಡುಬಿದ್ರಿ ಮಾಸ್ಟ್ರು

ಭಾಷೆಯ ತಂಟೆಯೇ ಬೇಡವೆಂದರೆ ಕಣ್ಣಿನ ಪರೀಕ್ಷೆಗಳಿಲ್ಲವೇ? ನಾನು ಶಾಲೆಯಲ್ಲಿದ್ದಾಗ ಒಬ್ಬರು ಮರದ ತುಂಡುಗಳನ್ನು ತಂದು ಮಕ್ಕಳಿಗೆ ಮುಟ್ಟಿಸಿ ತೋರಿಸಿದ್ದು ನೆನಪು. ಅಂಕ ಕೊಡುವ ರೀತಿಯನ್ನೂ ಯಾರೂ ಹೇಳಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಅದು ಮುಖ್ಯ.

ಕೊಣಾಜೆ ವಿದ್ಯಾರ್ಥಿನಿ

ಆ ಮರದ ತುಂಡುಗಳು ಕೋರ್ಸಿ ಪರೀಕ್ಷೆಯವು. ಹಲಗೆಯ ಮೇಲೆ ಒಂಬತ್ತು ತುಂಡುಗಳನ್ನು ಅಡ್ಡಾದಿಡ್ಡಿಯಾಗಿ ಅಂಟಿಸಿರುತ್ತಾರೆ. ಪರೀಕ್ಷಕರು ಮುಟ್ಟಿದ ಕ್ರಮದಲ್ಲಿಯೇ ಮಗು ಮುಟ್ಟಬೇಕು. ತುಂಡುಗಳ ಸಂಖ್ಯೆಗಳು ಪರೀಕ್ಷಕರ ಬದಿಗೆ ಮಾತ್ರ ಕಾಣುತ್ತವೆ. ಫಿಲಿಪ್ ಕೋರ್ಸಿ ಕೆನಡಾದ ಮೆಕ್‌ಗಿಲ್‌ನಲ್ಲಿ 1972ರ ತಮ್ಮ ಪ್ರಬಂಧದಲ್ಲಿ ಬಳಸಿದ್ದು. ಇನ್ನೊಂದು ಬಣ್ಣದ ಚೌಕಗಳ ಪರೀಕ್ಷೆ: ಕೆಲವು ಬಣ್ಣದ ಚೌಕಗಳನ್ನು ಕಣ್ಣೆವೆ ಬಡಿಯುವಷ್ಟು ಹೊತ್ತು ತೋರಿಸಿ, ತುಸು ಬಿಟ್ಟು ಮತ್ತೆ ತೋರಿಸುತ್ತಾರೆ, ಬಣ್ಣ ಬದಲಾಗಿದೆಯೇ ಎಂದು ಹೇಳಬೇಕು. ಲಕ್ ಮತ್ತು ವೋಗಲ್ 1997ರಲ್ಲಿ ಇದನ್ನು ಮಾಡಿದಾಗ ಸಿಕ್ಕಿದ್ದೂ ಸುಮಾರು ನಾಲ್ಕೇ.

ಮಾಸ್ಟ್ರಿಗಾಗಿ ಲೆಕ್ಕ. ಆರು ಚೌಕಗಳಿವೆ ಎನ್ನಿ. ಬದಲಾವಣೆ ಇದ್ದ 50 ಬಾರಿಗಳಲ್ಲಿ 40 ಬಾರಿ "ಬದಲಾಗಿದೆ" ಎಂದು ಸರಿಯಾಗಿ ಹೇಳಿದ. ಬದಲಾವಣೆ ಇಲ್ಲದ 50 ಬಾರಿಗಳಲ್ಲಿಯೂ 5 ಬಾರಿ ಸುಮ್ಮನೆ "ಬದಲಾಗಿದೆ" ಎಂದುಬಿಟ್ಟ. ಮೊದಲನೆಯದು 0.8, ಎರಡನೆಯದು 0.1. ಊಹೆಯ ಪಾಲನ್ನು ಕಳೆದರೆ 0.7, ಅದನ್ನು ಆರರಿಂದ ಗುಣಿಸಿದರೆ 4.2. ಒಂದೇ ಚೌಕವನ್ನು ಮತ್ತೆ ತೋರಿಸಿ ಕೇಳುವ ಬಗೆಯ ಪರೀಕ್ಷೆಗೆ ಕೋವನ್ ಅವರ ಸೂತ್ರ ಇದು.

ಲೆಕ್ಕ-ಅಕ್ಷರದ ಪರೀಕ್ಷೆಯಲ್ಲಿ ಅಂಕ ಕೊಡುವ ದಾರಿ ಎರಡು. ಐದು ಅಕ್ಷರಗಳಲ್ಲಿ ನಾಲ್ಕನ್ನು ಸರಿಯಾದ ಸ್ಥಾನದಲ್ಲಿ ಒತ್ತಿದವನಿಗೆ ಒಂದು ರೀತಿಯಲ್ಲಿ ಸೊನ್ನೆ, ಇನ್ನೊಂದು ರೀತಿಯಲ್ಲಿ ನಾಲ್ಕು. ಬಿಡಿ ಅಕ್ಷರಗಳಿಗೂ ಅಂಕ ಕೊಡುವುದೇ ಮೇಲು ಎಂದು 2005ರಲ್ಲಿ ಕಾನ್‌ವೇ ಮತ್ತು ಇತರರು ವಿಧಾನಗಳನ್ನು ಪರಿಶೀಲಿಸಿ ಶಿಫಾರಸು ಮಾಡಿದ್ದಾರೆ. ಅದೇ ವ್ಯಕ್ತಿ, ಅದೇ ಬೆಳಿಗ್ಗೆ, ಅದೇ ಉತ್ತರಗಳು, ಎರಡು ಅಂಕ.

ಮಲ್ಪೆ ನಿವೃತ್ತ

ಮೊಮ್ಮಗ ಫೋನಿನಲ್ಲಿ ಎನ್-ಬ್ಯಾಕ್ ಎಂಬ ಆಟ ಆಡುತ್ತಾನೆ. ಈಗ ಕಂಡದ್ದು ಎರಡು ಹೆಜ್ಜೆ ಹಿಂದೆ ಕಂಡದ್ದೇ ಹೌದೋ ಅಲ್ಲವೋ ಎಂದು ಒತ್ತುವ ಆಟ. ಇದರಿಂದ ನೆನಪು ಅಳೆಯುವುದೂ ಆಗುತ್ತದೆ, ಹೆಚ್ಚಿಸುವುದೂ ಆಗುತ್ತದೆ ಎಂದು ಜಾಹೀರಾತಿನಲ್ಲಿದೆ. ಹೌದೇ ಮಾರಾಯ್ರೇ?

ಕದ್ರಿಕಂಬಳದವ

ಅಳೆಯುವ ಮಟ್ಟಿಗೆ ಹೇಳುವುದಾದರೆ, ಅದು ಮಿದುಳಿನ ಚಿತ್ರಣ ಮಾಡುವವರಿಗೆ ಬಹಳ ಪ್ರಿಯವಾದ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನವರ ಪರೀಕ್ಷಾಮಾಲೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಆದರೆ ರೆಡಿಕ್ ಮತ್ತು ಲಿಂಡ್ಸೆ 2013ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎನ್-ಬ್ಯಾಕ್ ಅಂಕಕ್ಕೂ ಲೆಕ್ಕ-ಅಕ್ಷರದಂಥ ಪರೀಕ್ಷೆಗಳ ಅಂಕಕ್ಕೂ ಇರುವ ಸಹಸಂಬಂಧ (ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ ಸೊನ್ನೆ) ಕೇವಲ 0.20ರ ಆಸುಪಾಸು. ಎರಡರ ಮೇಲೂ ವರ್ಕಿಂಗ್ ಮೆಮೊರಿ ಎಂಬ ಒಂದೇ ಚೀಟಿ ಅಂಟಿಸಿದ್ದಾರೆ, ಒಳಗಿರುವುದು ಒಂದೇ ಸಾಮಾನಲ್ಲ. ಹಾಗಾಗಿಯೇ ಸಂಶೋಧನೆಯಲ್ಲಿ ಒಂದು ಪರೀಕ್ಷೆಯನ್ನು ನಂಬದೆ, ಓದಿನದ್ದು, ಲೆಕ್ಕದ್ದು, ಕಣ್ಣಿನದ್ದು ಎಂದು ಮೂರು ನಾಲ್ಕನ್ನು ಕೊಟ್ಟು, ಅವುಗಳಲ್ಲಿ ಸಮಾನವಾಗಿ ಕಾಣುವ ಪಾಲನ್ನಷ್ಟೇ ಸಾಮರ್ಥ್ಯ ಎಂದು ಎಣಿಸುತ್ತಾರೆ.

ಹೆಚ್ಚಿಸುವ ಮಾತಿಗೆ 2008ರ ಒಂದು ಅಧ್ಯಯನ ಆಸೆ ಹುಟ್ಟಿಸಿತ್ತು. ಆಮೇಲಿನ ಬಿಗಿಯಾದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಮೊಮ್ಮಗ ಆಟದಲ್ಲಿ ಜಾಣನಾಗುತ್ತಾನೆ, ಅಷ್ಟೇ. ದುಡ್ಡು ಕಟ್ಟಬೇಡಿ.

ಕಟಪಾಡಿಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಕದ್ರಿಕಂಬಳದವರು ಕೇಳಿದಂತೆ ನಿನ್ನೆ ಕ್ಲಿನಿಕ್‌ಗೆ ಹೋಗಿ ಬಿಡಿ ಅಂಕಗಳನ್ನು ಕೇಳಿದೆ. ಮೊದಲು ಕೊಡಲು ಒಪ್ಪಲಿಲ್ಲ, ಲಿಖಿತವಾಗಿ ಕೊಟ್ಟ ಮೇಲೆ ತೋರಿಸಿದರು. ಸೂಚ್ಯಂಕ ಎರಡು ಉಪಪರೀಕ್ಷೆಗಳಿಂದ ಬಂದಿದೆ. ಅಂಕಿಗಳ ಸರಣಿಯಲ್ಲಿ 9, ಅಕ್ಷರ-ಅಂಕಿಗಳ ಜೋಡಣೆಯಲ್ಲಿ 5. ಈ ಎರಡನೆಯದರಲ್ಲಿ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಕಲಸಿ ಹೇಳುತ್ತಾರಂತೆ. ಮಗು ಮೊದಲು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ, ನಂತರ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಹೇಳಬೇಕಂತೆ.

ರಾತ್ರಿ ಊಟವಾದ ಮೇಲೆ ಅವನಿಗೆ ನಾನೇ ಒಂದನ್ನು ಹೇಳಿದೆ: "ಆರ್, 6, ಕೆ, 2." ಎರಡು, ಆರು ಎಂದು ತಡೆಯಿಲ್ಲದೆ ಹೇಳಿದ. ಆಮೇಲೆ ಸುಮ್ಮನಾದ. ತುಟಿಗಳು ಅಲ್ಲಾಡುತ್ತಿದ್ದವು. ಹತ್ತಿರ ಹೋಗಿ ಕಿವಿಗೊಟ್ಟರೆ ಎ, ಬಿ, ಸಿ, ಡಿ ಎಂದು ಮೊದಲಿನಿಂದ ಹೇಳಿಕೊಂಡು ಬರುತ್ತಿದ್ದಾನೆ, ಕೆ ಮೊದಲು ಬರುತ್ತದೋ ಆರ್ ಮೊದಲು ಬರುತ್ತದೋ ಎಂದು ನೋಡಲು. ಎಲ್ ತನಕ ಬಂದು, "ಅಮ್ಮಾ, ಅಕ್ಷರ ಯಾವುದು ಹೇಳಿದ್ದು?" ಎಂದು ಕೇಳಿದ. ಪರೀಕ್ಷೆಯ ದಿನವೂ ಹೀಗೆಯೇ ಆಗಿರಬೇಕು.

ಕದ್ರಿಕಂಬಳದವ

ಮೇಡಂ, ಉಪಪರೀಕ್ಷೆಗಳ ಸರಾಸರಿ 10, ಮಾನಕ ವಿಚಲನೆ 3, ಅಂದರೆ ಹೆಚ್ಚಿನ ಮಕ್ಕಳು 7ರಿಂದ 13ರ ನಡುವೆ ಇರುತ್ತಾರೆ. ಆದ್ದರಿಂದ 9 ಎಂದರೆ ಸಾಮಾನ್ಯವೇ, 5 ಎಂದರೆ ನಿಜಕ್ಕೂ ಕಡಿಮೆ. ಎರಡರ ನಡುವೆ ಇಷ್ಟು ಅಂತರವಿರುವಾಗ ಕೂಡಿಸಿ ತೆಗೆದ ಸೂಚ್ಯಂಕ ಎರಡರಲ್ಲಿ ಯಾವುದನ್ನೂ ಸರಿಯಾಗಿ ಹೇಳುವುದಿಲ್ಲ. ಇಂಗ್ಲಿಷ್ ವರ್ಣಮಾಲೆಯ ಕ್ರಮ ನಾಲಿಗೆಯ ತುದಿಯಲ್ಲಿಲ್ಲದ ಮಗುವಿಗೆ ಆ ಕ್ರಮವನ್ನು ಹುಡುಕುವುದೇ ಇನ್ನೊಂದು ಕೆಲಸವಾಗಿ, ಹಿಡಿದಿದ್ದುದು ಕೈಜಾರುತ್ತದೆ. ಆದರೆ ಅಂಗಡಿಯ ಸಾಮಾನು ಮರೆಯುವುದಕ್ಕೆ ಇಂಗ್ಲಿಷ್ ಕಾರಣವಲ್ಲ, ಆದ್ದರಿಂದ ವರದಿಯನ್ನು ಬದಿಗಿಟ್ಟು ಸುಮ್ಮನಾಗಬೇಡಿ. ಅಂಕಿಗಳನ್ನು ಹೇಳಿದಂತೆ ಒಪ್ಪಿಸಿದ್ದೆಷ್ಟು, ಹಿಂದುಮುಂದಾಗಿ ಒಪ್ಪಿಸಿದ್ದೆಷ್ಟು ಎಂದು ಅದೇ ಹಾಳೆಯಲ್ಲಿ ಬರೆದಿರುತ್ತಾರೆ, ಅದನ್ನು ನೋಡಿ. ಕನ್ನಡ ಬಲ್ಲ ಬೇರೊಬ್ಬ ಪರೀಕ್ಷಕರಿಂದ ಕೋರ್ಸಿಯ ತುಂಡುಗಳನ್ನು ಎರಡೂ ದಿಕ್ಕಿನಲ್ಲಿ ಮಾಡಿಸಿ, ಗಮನದ ಪರೀಕ್ಷೆಯನ್ನೂ ಜೊತೆಗೆ ಕೇಳಿ. ಬೆಳಿಗ್ಗೆ, ತಿಂಡಿ ತಿಂದ ಮೇಲೆ ಕರೆದುಕೊಂಡು ಹೋಗಿ.

ಕಟಪಾಡಿಯ ತಾಯಿ

ಹಾಳೆಯ ಫೋಟೋ ಫೋನಿನಲ್ಲಿದೆ, ಈಗ ನೋಡಿದೆ. ಹೇಳಿದಂತೆ ಒಪ್ಪಿಸಿದ್ದು ಆರು, ಹಿಂದುಮುಂದಾಗಿ ಮೂರು. ಉಡುಪಿಯಲ್ಲಿ ಕನ್ನಡದಲ್ಲಿಯೇ ಪರೀಕ್ಷೆ ಮಾಡುವ ಒಬ್ಬರ ಬಳಿ ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸಮಯ ಸಿಕ್ಕಿದೆ. ತುಂಡುಗಳ ಹಲಗೆ ಅವರಲ್ಲಿ ಇದೆಯೇ ಎಂದು ಕೇಳಿದೆ, ಇದೆ ಎಂದರು.